ಫಿಸಿಯಾಲಜಿ ಲ್ಯಾಬ್‌ನಲ್ಲಿ ಗೆರೆ ಓದಲು ಕಲಿತದ್ದು

ಎಂಬಿಬಿಎಸ್ ಮೊದಲ ವರ್ಷದ ಫಿಸಿಯಾಲಜಿ (ದೇಹ ಹೇಗೆ ಕೆಲಸ ಮಾಡುತ್ತದೆ ಅನ್ನುವ ವಿಷಯ) ಪ್ರಾಕ್ಟಿಕಲ್ ಅಂದರೆ ರೆಕಾರ್ಡ್ ಬುಕ್ ತುಂಬಿಸುವುದು, ವೈವಾಗೆ (ಬಾಯಿಮಾತಿನ ಪರೀಕ್ಷೆಗೆ) ಒಂದಿಷ್ಟು ಉತ್ತರ ಬಾಯಿಪಾಠ ಮಾಡುವುದು ಅಂತ ತುಂಬಾ ಜನ ಅಂದುಕೊಳ್ಳುತ್ತಾರೆ. ನನಗೆ ಮಾತ್ರ ಇಡೀ ಕೋರ್ಸ್‌ನಲ್ಲಿ ಮನಸ್ಸು ನೆಟ್ಟಿದ್ದು ಅಲ್ಲೇ. ನಾನು ಓದಿದ್ದು ಹುಬ್ಬಳ್ಳಿಯಲ್ಲಿ, ತೊಂಬತ್ತರ ದಶಕದಲ್ಲಿ. ಆಗ ಕಪ್ಪೆಯ ಪ್ರಯೋಗಗಳು ಇನ್ನೂ ಇದ್ದವು. ಆಮೇಲೆ ಅದೇ ವಿಷಯದಲ್ಲಿ ಎಂಡಿ ಮಾಡಿ ಈಗ ಪಾಠ ಮಾಡುತ್ತಿದ್ದೇನೆ. ಈ ವಿಷಯ ಹೇಗೆ ಕಲಿತಿರಿ ಸರ್ ಅಂತ ಹುಡುಗರು ಕೇಳುತ್ತಲೇ ಇರುತ್ತಾರೆ, ಅದಕ್ಕೇ ಇದು.

ಮೊದಲು ಡ್ರಮ್. ಸ್ನಾಯುವಿನ ಚಲನೆಯನ್ನು ಗೆರೆಯಾಗಿ ಬರೆಯುವ ಕೈಮೋಗ್ರಾಫ್ ಅನ್ನುವ ಯಂತ್ರದಲ್ಲಿ ಸಿಲಿಂಡರ್ ತಿರುಗುತ್ತದೆ, ಅದಕ್ಕೆ ನುಣುಪು ಕಾಗದ ಸುತ್ತಿ ಹೊಗೆ ಹಿಡಿಸಬೇಕು. ಕಾಗದದ ಅಂಚು ಸೇರುವ ಕಡೆ ಮೇಲಿನ ಪದರ ಯಾವ ದಿಕ್ಕಿಗಿದೆ ಅಂತ ನೋಡಿಕೊಂಡೇ ಅಂಟಿಸಬೇಕು, ಇಲ್ಲದಿದ್ದರೆ ಲಿವರ್‌ನ (ಸ್ನಾಯುವಿಗೆ ಕಟ್ಟಿದ, ಗೆರೆ ಬರೆಯುವ ಕಡ್ಡಿಯ) ಮೊನೆ ಅಲ್ಲಿ ಸಿಕ್ಕಿಕೊಳ್ಳುತ್ತದೆ. ಮಸಿ ತೆಳ್ಳಗಿರಬೇಕು. ದಪ್ಪ ಆದರೆ ಮೊನೆ ಅದನ್ನು ತಳ್ಳಿಕೊಂಡು ಹೋಗಬೇಕಾಗುತ್ತದೆ, ಆ ತಿಕ್ಕಾಟಕ್ಕೆ ಗೆರೆ ಗಿಡ್ಡ ಆಗುತ್ತದೆ. ಇದನ್ನು ನಮ್ಮ ಅಟೆಂಡರ್ ಅಣ್ಣ ಕಲಿಸಿದರು, ಯಾವ ಪುಸ್ತಕದಲ್ಲೂ ಅಷ್ಟು ಚೆನ್ನಾಗಿ ಸಿಗುವುದಿಲ್ಲ. ಹೆಸರು, ತಾರೀಖು, ಲ್ಯಾಬ್‌ನ ತಾಪಮಾನ ಎಲ್ಲವನ್ನೂ ವಾರ್ನಿಷ್ ಹಾಕುವ ಮೊದಲೇ ಮಸಿಯ ಮೇಲೆ ಬರೆದುಬಿಡಬೇಕು.

ಕಪ್ಪೆಯ ಮೀನಖಂಡದ ಸ್ನಾಯುವಿಗೆ ಅದರ ನರದ ಮೂಲಕ ಒಂದೇ ಒಂದು ಶಾಕ್ ಕೊಟ್ಟರೆ ಲಿವರ್ ಎದ್ದು ಇಳಿಯುತ್ತದೆ. ಕೆಳಗೆ ಸೆಕೆಂಡಿಗೆ 100 ಸಲ ಕಂಪಿಸುವ ಟ್ಯೂನಿಂಗ್ ಫೋರ್ಕ್ ಅಲೆ ಬರೆಯುತ್ತಿರುತ್ತದೆ, ಒಂದು ಅಲೆ ಅಂದರೆ 0.01 ಸೆಕೆಂಡ್. ಶಾಕ್ ಕೊಟ್ಟ ಜಾಗದಿಂದ ಗೆರೆ ಏಳುವವರೆಗೆ ಸುಮಾರು ಒಂದು ಅಲೆ, ಏಳುವುದಕ್ಕೆ ನಾಲ್ಕು, ಇಳಿಯುವುದಕ್ಕೆ ಐದು. ಇದನ್ನು ಎಲ್ಲರೂ ಬರೆಯುತ್ತಾರೆ. ನನ್ನ ಟ್ಯೂಟರ್ ಮೇಡಂ ಮಾತ್ರ ಗೆರೆ ನೋಡಿ ಕೇಳಿದರು: "ಇದರಲ್ಲಿ ಸ್ನಾಯು ಬರೆದದ್ದು ಯಾವುದು, ಲಿವರ್ ಬರೆದದ್ದು ಯಾವುದು, ಹೇಳಪ್ಪ."

ನನಗೆ ಫಿಸಿಯಾಲಜಿ ಶುರುವಾದದ್ದು ಆ ಪ್ರಶ್ನೆಯಿಂದ. ಮೊದಲ ಒಂದು ಅಲೆಯಷ್ಟು ತಡ ಪೂರ್ತಿ ಸ್ನಾಯುವಿನದಲ್ಲ. ಸುದ್ದಿ ನರದಲ್ಲಿ ಸಾಗುವ ಹೊತ್ತು ಅದರಲ್ಲಿದೆ, ನಿಂತ ಲಿವರ್ ಅಲುಗಾಡಲು ಹಿಡಿಯುವ ಹೊತ್ತೂ ಇದೆ. ಇನ್ನೊಂದು, ಲಿವರ್ ನೆಟ್ಟಗೆ ಮೇಲೇಳುವುದಿಲ್ಲ, ಬಿಲ್ಲಿನ ಹಾಗೆ ಬಾಗಿ ಏಳುತ್ತದೆ. ಹಾಗಾಗಿ ಗೆರೆಯ ತುದಿಯಿಂದ ಸ್ಕೇಲ್ ಇಟ್ಟು ನೇರ ಕೆಳಗೆ ಎಳೆದರೆ ಸಮಯ ತಪ್ಪಾಗುತ್ತದೆ. ಡ್ರಮ್ ನಿಲ್ಲಿಸಿ, ತುದಿಯ ಹತ್ತಿರ ಲಿವರ್ ತಂದು, ಅದರದೇ ಬಾಗಿನಲ್ಲಿ ಕೆಳಗಿಳಿಸಿ ಗುರುತು ಮಾಡಬೇಕು. ಡ್ರಮ್ ವೇಗ ಕಡಿಮೆ ಮಾಡಿ ನೋಡಿ, ಅದೇ ಸಂಕೋಚನ ಬರೀ ಒಂದು ನೆಟ್ಟನೆ ಕಡ್ಡಿಯಾಗಿ ಕಾಣುತ್ತದೆ. ಸ್ನಾಯು ಏನೂ ಬದಲಾಗಿಲ್ಲ, ಅಲ್ವಾ?

ಇನ್ನು ತಾಪಮಾನ. ಸ್ನಾಯು ಬೆಚ್ಚಗಾದಷ್ಟೂ ಗೆರೆ ಬೇಗ ಎದ್ದು ಬೇಗ ಇಳಿಯುತ್ತದೆ, ತಣ್ಣಗಾದರೆ ಎಲ್ಲವೂ ಉದ್ದವಾಗುತ್ತದೆ. ಏಪ್ರಿಲ್‌ನ ಹುಬ್ಬಳ್ಳಿಯಲ್ಲಿ ಫ್ಯಾನ್ ಕೆಳಗೆ ತೆಗೆದ ಗೆರೆ, ಚಳಿ ದೇಶದ ಪುಸ್ತಕದಲ್ಲಿ ಅಚ್ಚಾದ ಗೆರೆಗೆ ತಾಳೆ ಆಗದಿದ್ದರೆ ಅದನ್ನು ತಿದ್ದಬೇಡಿ. ಪಕ್ಕದಲ್ಲಿ ತಾಪಮಾನ ಬರೆಯಿರಿ, ಸಾಕು.

ನನಗೆ ಅತಿ ಇಷ್ಟವಾದದ್ದು ನರದ ವೇಗ ಅಳೆಯುವುದು. ಒಮ್ಮೆ ನರದ ದೂರದ ತುದಿಯಲ್ಲಿ, ಇನ್ನೊಮ್ಮೆ ಸ್ನಾಯುವಿನ ಹತ್ತಿರ ಶಾಕ್ ಕೊಟ್ಟು ಎರಡು ಗೆರೆ ಒಂದರ ಮೇಲೊಂದು ಬರೆಸಬೇಕು. ನರ 3 ಸೆಂಟಿಮೀಟರ್, ವೇಗ ಸೆಕೆಂಡಿಗೆ 30 ಮೀಟರ್ ಅಂತಿಟ್ಟುಕೊಂಡರೆ ವ್ಯತ್ಯಾಸ 0.001 ಸೆಕೆಂಡ್ ಮಾತ್ರ. ಡ್ರಮ್ ಸೆಕೆಂಡಿಗೆ 640 ಮಿಲಿಮೀಟರ್ ಓಡಿದರೂ ಎರಡು ಗೆರೆಗಳ ನಡುವೆ ಸಿಗುವುದು ಒಂದು ಮಿಲಿಮೀಟರಿಗಿಂತ ಕಡಿಮೆ ಜಾಗ. ಜರ್ಮನ್ ವಿಜ್ಞಾನಿ ಹೆಲ್ಮ್‌ಹೋಲ್ಟ್ಸ್ ಕಪ್ಪೆಯ ನರದಲ್ಲಿ ಇದನ್ನು ಮೊದಲು ಅಳೆದದ್ದು 1850ರ ಹೊತ್ತಿಗೆ. ಇದನ್ನು ಅಳೆಯಲು ಆಗುವುದೇ ಇಲ್ಲ ಅಂತ ಅವರ ಗುರು ಯೋಹಾನೆಸ್ ಮ್ಯೂಲರ್ ನಂಬಿದ್ದರು. ಇಲ್ಲೂ ಅದೇ ಉಪಾಯ ನೋಡಿ. ಲಿವರ್‌ನ ತಡ, ಸ್ನಾಯುವಿನ ತಡ ಎರಡೂ ಗೆರೆಯಲ್ಲಿ ಒಂದೇ ಇರುತ್ತವೆ, ಕಳೆದಾಗ ಅವು ಹೊರಟುಹೋಗಿ ನರದ್ದು ಮಾತ್ರ ಉಳಿಯುತ್ತದೆ. ಇದು ಕೈಯಾರೆ ಮಾಡಿದಾಗ ಹೊಳೆದ ಹಾಗೆ ಕ್ಲಾಸಿನಲ್ಲಿ ಕೂತು ನನಗೆ ಹೊಳೆದಿರಲಿಲ್ಲ.

ಈಗ ಎಂಬಿಬಿಎಸ್ ಲ್ಯಾಬ್‌ಗಳಲ್ಲಿ ಕಪ್ಪೆ ಇಲ್ಲ, ಕಂಪ್ಯೂಟರ್ ಮಾದರಿಗಳಿವೆ. ಕಪ್ಪೆ ಮತ್ತೆ ಬರಲಿ ಅಂತ ನಾನು ಹೇಳುವುದಿಲ್ಲ. ವರ್ಷ ವರ್ಷ ಅಷ್ಟೊಂದು ಜೀವ ತೆಗೆಯುವ ಅಗತ್ಯ ಖಂಡಿತ ಇರಲಿಲ್ಲ. ಆದರೆ ಕಂಪ್ಯೂಟರ್‌ನಲ್ಲಿ ಬಟನ್ ಒತ್ತಿದರೆ ಪ್ರತಿ ಸಲ ಸರಿಯಾದ ಗೆರೆಯೇ ಬರುತ್ತದೆ, ಉಪಕರಣದ ಪಾಲನ್ನು ಬೇರೆ ಮಾಡುವ ಕೆಲಸ ಹುಡುಗರಿಗೆ ಸಿಗುವುದೇ ಇಲ್ಲ. ಆ ಕೆಲಸವನ್ನು ಮನುಷ್ಯರ ಮೇಲಿನ ಪ್ರಯೋಗಗಳಲ್ಲಿ ಧಾರಾಳವಾಗಿ ಮಾಡಿಸಬಹುದು. ಬೆರಳಿನ ಸ್ನಾಯು ಸುಸ್ತಾಗುವುದನ್ನು ಗೆರೆಯಾಗಿ ಬರೆಯುವ ಮೋಸ್ಸೋ ಎರ್ಗೋಗ್ರಾಫ್ ತೆಗೆದುಕೊಳ್ಳಿ. ಮೆಟ್ರೊನೋಮ್ ತಾಳಕ್ಕೆ ನಡುಬೆರಳಿನಿಂದ ತೂಕ ಎಳೆಯುತ್ತಾ ಹೋದರೆ ಗೆರೆ ಗಿಡ್ಡ ಆಗುತ್ತಾ ಬರುತ್ತದೆ. ತೋಳಿಗೆ ಬಿಪಿ ಕಫ್ (ಗಾಳಿ ತುಂಬುವ ಪಟ್ಟಿ) ಕಟ್ಟಿ ರಕ್ತ ತಡೆದರೆ ಬೇಗ ಸುಸ್ತು. ಪಕ್ಕದವರು ಜೋರಾಗಿ ಹುರಿದುಂಬಿಸಿದರೆ ಅದೇ ಬೆರಳು ಇನ್ನಷ್ಟು ಎಳೆಯುತ್ತದೆ! ಹಾಗಾದರೆ ಸುಸ್ತು ಎಲ್ಲಿದ್ದದ್ದು, ಬೆರಳಿನಲ್ಲೋ ತಲೆಯಲ್ಲೋ? ಇದನ್ನು ವಾದ ಮಾಡಲು ಬಿಡಿ, ಉತ್ತರ ಹೇಳಿಕೊಡಬೇಡಿ.

ಬಿಪಿ ಪ್ರಾಕ್ಟಿಕಲ್‌ನಲ್ಲಿ ನಾನು ಒಂದು ಹೆಜ್ಜೆ ಸೇರಿಸಿದ್ದೇನೆ. ತೋಳು ಎದೆಯ ಮಟ್ಟದಲ್ಲಿಟ್ಟು ಒಮ್ಮೆ ನೋಡಿಸುತ್ತೇನೆ, ಆಮೇಲೆ ಕಫ್ ಇರುವ ತೋಳನ್ನು ಎತ್ತಿಸಿ ಇನ್ನೊಮ್ಮೆ. ಮಟ್ಟ 13 ಸೆಂಟಿಮೀಟರ್ ಮೇಲೆ ಹೋದರೆ ಓದು ಸುಮಾರು 10 ಮಿಲಿಮೀಟರ್ ಪಾದರಸದಷ್ಟು ಇಳಿಯುತ್ತದೆ. ಹೃದಯ ತನ್ನ ಪಾಡಿಗೆ ಮೊದಲಿನಂತೆಯೇ ಬಡಿಯುತ್ತಿರುತ್ತದೆ, ಬದಲಾದದ್ದು ರಕ್ತದ ಕಂಬದ ಎತ್ತರ ಅಷ್ಟೇ. ಎಷ್ಟು ಇಳಿಯಬೇಕು ಅಂತ ಮೊದಲು ಲೆಕ್ಕ ಹಾಕಿ ರೆಕಾರ್ಡ್‌ನಲ್ಲಿ ಬರೆದಿಟ್ಟು, ಆಮೇಲೆ ಅಳೆಯಬೇಕು ಅನ್ನುವುದು ನನ್ನ ಬ್ಯಾಚ್‌ಗಳ ನಿಯಮ. ಹಾಗೆ ಮಾಡಿದ ಹುಡುಗರು ವಾರ್ಡ್‌ಗೆ ಹೋದಾಗ ಕಫ್ ಕಟ್ಟುವ ಮುಂಚೆ ರೋಗಿಯ ತೋಳಿನ ಕೆಳಗೆ ದಿಂಬು ಸರಿಪಡಿಸುತ್ತಾರೆ, ಯಾರೂ ಹೇಳಬೇಕಾಗಿಲ್ಲ.