ರಂಗೋಲಿ ಪುಡಿಗೆ ಸಿಕ್ಕಿಬಿದ್ದ ಸೋರಿಕೆ

ಮೊದಲು ಬೈಸಿಕೊಂಡವರು ನೆಲ ಒರೆಸುವ ಅಕ್ಕ. ಫಿಶ್ ಟ್ಯಾಂಕ್ ಪಕ್ಕದಲ್ಲಿ ಎರಡು ದಿನದಿಂದ ನೆಲ ಒದ್ದೆಯಾಗಿತ್ತು. ಅತ್ತೆ ಕಾಲಿಟ್ಟು ಜಾರಿದರು, ಸದ್ಯ ಬೀಳಲಿಲ್ಲ. "ಬಟ್ಟೆ ಸರಿಯಾಗಿ ಹಿಂಡೋದೇ ಇಲ್ಲ ಇವಳು" ಅಂದರು. ಮಾರನೇ ದಿನ ಆ ಅಕ್ಕ ಕೆಲಸಕ್ಕೆ ಬರಲಿಲ್ಲ. ನೆಲ ಮಾತ್ರ ಒದ್ದೆ ಇತ್ತು.

ಮಗ ಹಾಸ್ಟೆಲ್‌ಗೆ ಹೋದ ಮೇಲೆ ಈ ಟ್ಯಾಂಕ್ ನನ್ನ ಪಾಲಿಗೆ ಬಂದಿದೆ. ಮೂರು ಅಡಿ ಉದ್ದ, ಒಂದು ಅಡಿ ಅಗಲ, ಒಂದೂವರೆ ಅಡಿ ಎತ್ತರ. ತುಂಬಿದರೆ ಹತ್ತಿರ ಹತ್ತಿರ 125 ಲೀಟರ್ ನೀರು. ಮೂರು ಗೋಲ್ಡ್ ಫಿಶ್, ಗಾಜಿಗೆ ಬಾಯಿ ಅಂಟಿಸಿಕೊಂಡು ಪಾಚಿ ತಿನ್ನುವ ಒಂದು ಸಕ್ಕರ್ ಮೀನು. ಒಂಬತ್ತು ವರ್ಷದ ಹಳೇ ಟ್ಯಾಂಕ್.

ನನಗೆ ಮೊದಲು ಅನುಮಾನ ಬಂದದ್ದು ಏರ್ ಪಂಪಿನ ಮೇಲೆ. ಹಿಂದೊಮ್ಮೆ ಹಾಗಾಗಿತ್ತು. ಪಂಪ್ ನೀರಿನ ಮಟ್ಟಕ್ಕಿಂತ ಕೆಳಗಿದ್ದರೆ, ಕರೆಂಟ್ ಹೋದಾಗ ಟ್ಯಾಂಕಿನ ನೀರು ಟ್ಯೂಬಿನೊಳಗೆ ಹಿಂದಕ್ಕೆ ಬಂದು ಪಂಪಿನಿಂದ ಹೊರಗೆ ಸುರಿಯುತ್ತದೆ. ಆಮೇಲೆ ಟ್ಯೂಬಿನ ನಡುವೆ ಒಂದು ಪುಟ್ಟ ವಾಲ್ವ್ ಹಾಕಿದ್ದೆ, ಗಾಳಿಯನ್ನು ಒಂದೇ ಕಡೆ ಬಿಡುವಂಥದ್ದು. ಈ ಸಲ ಪಂಪ್ ಒಣಗಿಯೇ ಇತ್ತು.

ಸರಿ, ಗಾಜಿನ ಮೇಲೆ ನೀರಿನ ಮಟ್ಟಕ್ಕೆ ಮಾರ್ಕರ್‌ನಿಂದ ಗೆರೆ ಎಳೆದೆ. ಬೇಸಿಗೆಯಲ್ಲಿ ಒಂದಿಷ್ಟು ಆವಿಯಾಗುತ್ತದೆ, ಅದು ಗೊತ್ತು. ಆದರೆ ಸಂಜೆ ಹೊತ್ತಿಗೆ ನೀರು ಗೆರೆಗಿಂತ ಒಂದು ಬೆರಳು ಕೆಳಗಿತ್ತು. ಆವಿಗೆ ಅಷ್ಟು ಅವಸರ ಇರೋದಿಲ್ಲ, ಅಲ್ವಾ?

ಎಲ್ಲಿಂದ ಸೋರುತ್ತಿದೆ ಅನ್ನೋದೇ ಕಷ್ಟದ ಪ್ರಶ್ನೆ. ನೀರು ಒಂದು ಕಡೆ ಹೊರಬಂದು, ಗಾಜಿನ ಅಂಚು ಹಿಡಿದು ಹರಿದು, ಇನ್ನೆಲ್ಲೋ ತೊಟ್ಟಿಕ್ಕುತ್ತದೆ. ತೊಟ್ಟಿಕ್ಕುವ ಜಾಗವೇ ತೂತು ಅಂದುಕೊಂಡರೆ ಮೋಸ ಹೋಗುತ್ತೇವೆ. ಟಿಶ್ಯೂ ಕಾಗದ ಇಟ್ಟು ನೋಡಿದೆ, ಪೂರ್ತಿ ನೆನೆದು ಮುದ್ದೆಯಾಯಿತು. ಕೊನೆಗೆ ಕೈಗೆ ಸಿಕ್ಕಿದ್ದು ರಂಗೋಲಿ ಡಬ್ಬಿ. ಟ್ಯಾಂಕಿನ ಹೊರಗಡೆ ಅಂಚನ್ನೆಲ್ಲ ಒಣಬಟ್ಟೆಯಲ್ಲಿ ಒರೆಸಿ, ಬುಡದ ಸುತ್ತ ಬಿಳಿ ರಂಗೋಲಿ ಪುಡಿಯನ್ನು ಸಣ್ಣ ಗೆರೆಯಾಗಿ ಬಿಟ್ಟೆ. ಟಾರ್ಚ್ ಹಿಡಿದು ಮೊಣಕಾಲೂರಿ ಕೂತೆ. ಹತ್ತು ನಿಮಿಷದಲ್ಲಿ ಹಿಂಭಾಗದ ಎಡ ಮೂಲೆಯಲ್ಲಿ ಒಂದು ಕಡಲೆಕಾಳಿನಷ್ಟು ಜಾಗ ಬೂದಿ ಬಣ್ಣಕ್ಕೆ ತಿರುಗಿತು. ಆಮೇಲೆ ಅಲ್ಲಿಂದ ಗೆರೆಯುದ್ದಕ್ಕೂ ನಿಧಾನವಾಗಿ ಹರಡಿತು. ಸಿಕ್ಕಿಬಿತ್ತು ಕಳ್ಳ.

ಆವತ್ತು ರಾತ್ರಿಯೇ ಮೀನು ಎತ್ತಬೇಕಾಯಿತು. ಅತ್ತೆ ಬಚ್ಚಲಿನ ತಾಮ್ರದ ಹಂಡೆ ಉರುಳಿಸಿಕೊಂಡು ಬಂದರು. ಪಾಪ, ಒಳ್ಳೇ ಮನಸ್ಸಿನಿಂದಲೇ. ಬೇಡ ಅಂದೆ. ತಾಮ್ರ ನೀರಿಗೆ ಬಿಟ್ಟರೆ ಮೀನಿಗೆ ವಿಷ. ಮಗನಿಗೆ ಚಿಕ್ಕವನಿದ್ದಾಗ ಸ್ನಾನ ಮಾಡಿಸುತ್ತಿದ್ದ ಪ್ಲಾಸ್ಟಿಕ್ ಟಬ್ ಅಟ್ಟದ ಮೇಲಿತ್ತು. ಸೋಪು ಮುಟ್ಟಿಸದೆ ಬರೀ ನೀರಲ್ಲಿ ತೊಳೆದು, ಟ್ಯಾಂಕಿನ ನೀರನ್ನೇ ಪೈಪಿನಲ್ಲಿ ಎಳೆದು ತುಂಬಿಸಿದೆ. ಗೋಲ್ಡ್ ಫಿಶ್ ಬಲೆಗೆ ಬಂದವು. ಸಕ್ಕರ್‌ಗೆ ಬಲೆ ಹಾಕಬಾರದು, ಅದರ ರೆಕ್ಕೆಯ ಮುಳ್ಳು ಬಲೆಗೆ ಸಿಕ್ಕಿಕೊಳ್ಳುತ್ತದೆ. ದೋಸೆ ಹಿಟ್ಟಿನ ಹಳೇ ಡಬ್ಬಿಯನ್ನು ಅಡ್ಡ ಹಿಡಿದು ಮೂಲೆಗೆ ಓಡಿಸಿ ಹಿಡಿದೆ. ಟಬ್ ಮೇಲೆ ಹಳೇ ಸೊಳ್ಳೆಪರದೆ ಕಟ್ಟಿದೆ, ಇಲ್ಲದಿದ್ದರೆ ಹಾರಿಬಿಡುತ್ತವೆ.

ಮೀನಿನಷ್ಟೇ ಜೋಪಾನ ಮಾಡಬೇಕಾದ್ದು ಸ್ಪಂಜ್ ಫಿಲ್ಟರ್. ಮೀನಿನ ಕಿವಿರಿನಿಂದಲೂ ಹೇಲಿನಿಂದಲೂ ಬರುವ ವಿಷವಾದ ಅಮೋನಿಯಾವನ್ನು ನೈಟ್ರೈಟ್ ಮಾಡಿ, ಅದನ್ನು ಮತ್ತೆ ಅಷ್ಟು ಅಪಾಯವಿಲ್ಲದ ನೈಟ್ರೇಟ್ ಮಾಡುವ ಬ್ಯಾಕ್ಟೀರಿಯಾ ಇರೋದು ನೀರಿನಲ್ಲಲ್ಲ, ಹೆಚ್ಚಾಗಿ ಆ ಸ್ಪಂಜಿನಲ್ಲಿ ಮತ್ತು ಕಲ್ಲುಗಳ ಮೈಮೇಲೆ. ಗಲೀಜಾಗಿದೆ ಅಂತ ನಲ್ಲಿ ಕೆಳಗೆ ಹಿಡಿದರೆ ಕ್ಲೋರಿನ್‌ಗೆ ಅವು ಸಾಯಬಹುದು. ಹಾಗಾಗಿ ಸ್ಪಂಜ್ ಒಣಗುವುದಕ್ಕೂ ಬಿಡದೆ ಟಬ್ಬಿಗೆ ಹಾಕಿ ಗಾಳಿ ಕೊಟ್ಟೆ. ಕಲ್ಲುಗಳನ್ನೂ ಹಳೇ ನೀರಿನ ಬಕೆಟ್ಟಿಗೇ ಹಾಕಿಟ್ಟೆ. ಕರೆಂಟ್ ಹೋದಾಗ ಚೊಂಬಿನಲ್ಲಿ ನೀರು ಮೊಗೆದು ಮೇಲಿಂದ ಸುರಿಯೋದು. ಅತ್ತೆ ಇದನ್ನು "ಮೀನಿಗೆ ಅಭಿಷೇಕ" ಅನ್ನುತ್ತಿದ್ದರು.

ನಮ್ಮವರಿಗೆ ರಿಪೇರಿ ಹುಚ್ಚು. ಸಿಲಿಕೋನ್ ಟ್ಯೂಬ್ ತಂದು ಸೋರುವ ಮೂಲೆಗೆ ಹೊರಗಿನಿಂದ ಬಳಿದರು. ನೀರು ಒಳಗಿನಿಂದ ತಳ್ಳುತ್ತಿರುವಾಗ ಹೊರಗೆ ಬಳಿದು ಏನು ಉಪಯೋಗ? ಎರಡನೇ ಸಲ ಒಳಗಿನಿಂದಲೇ ಮಾಡಿದೆವು. ಹೊಸ ಸಿಲಿಕೋನ್ ಹಳೇ ಸಿಲಿಕೋನ್ ಮೇಲೆ ಸರಿಯಾಗಿ ಹಿಡಿಯೋದಿಲ್ಲ. ಹಾಗಾಗಿ ಹಳೆಯದನ್ನು ಬ್ಲೇಡಿನಲ್ಲಿ ಕೆರೆದು, ಸ್ಪಿರಿಟ್‌ನಲ್ಲಿ ಒರೆಸಿ, ಹೊಸದನ್ನು ಬೆರಳಿನಿಂದ ಎಳೆದೆವು. ಮನೆ ತುಂಬ ವಿನೆಗರ್ ವಾಸನೆ. ಬಾತ್‌ರೂಮಿಗೆ ಅಂತ ಮಾರುವ, ಬೂಷ್ಟು ಹಿಡಿಯದ ಸಿಲಿಕೋನ್ ಮಾತ್ರ ತರಬೇಡಿ. ಬೂಷ್ಟು ಕೊಲ್ಲುವ ಔಷಧಿ ಮೀನನ್ನೂ ಬಿಡೋದಿಲ್ಲ.

ಮೂರು ದಿನ ಒಣಗಲು ಬಿಟ್ಟು ಹಿತ್ತಲಲ್ಲಿ ತುಂಬಿಸಿದೆವು. ಆ ಮೂಲೆ ಒಣಗಿಯೇ ಇತ್ತು. ಸೋರಿದ್ದು ಪಕ್ಕದ ಮೂಲೆ. ಅಷ್ಟು ಹೊತ್ತಿಗೆ ಅರ್ಥವಾಯಿತು. ಒಳಗೆ ಕಾಣುವ ಸಿಲಿಕೋನ್ ಸುಮ್ನೆ ನೀರು ತಡೆಯಲು. ಗಾಜನ್ನು ಗಾಜಿಗೆ ಹಿಡಿದಿಡೋದು ಎರಡರ ನಡುವೆ ಇರುವ ತೆಳು ಪದರ. ಅದೇ ಬಿಟ್ಟುಕೊಳ್ಳುತ್ತಿತ್ತು. ಹೊಸ ಟ್ಯಾಂಕ್ ಮಾಡಿಸೋದು ಅಂತ ತೀರ್ಮಾನವಾಯಿತು. ಹಳೆಯದು 5 ಮಿಲಿಮೀಟರ್ ಗಾಜಿನದು. ಒಂದೂವರೆ ಅಡಿ ಎತ್ತರದ ನೀರಿಗೆ ಅದು ತೀರಾ ತೆಳು. ಈ ಸಲ 8 ಮಿಲಿಮೀಟರ್ ಹೇಳಿದೆ, ಮೇಲ್ಗಡೆ ಅಡ್ಡಪಟ್ಟಿ ಸಮೇತ. ಗಾಜೇ 28 ಕೆಜಿ ತೂಗುತ್ತದೆ.

ಹೊಸ ಟ್ಯಾಂಕ್ ಬರುವ ಮೊದಲು ಇನ್ನೊಂದು ಕೆಲಸ ಮಾಡಿದ್ದು ಒಳ್ಳೆಯದಾಯಿತು. ಪಕ್ಕದ ಮನೆ ಕಟ್ಟುತ್ತಿದ್ದ ಮೇಸ್ತ್ರಿಯನ್ನು ಕರೆದು ಖಾಲಿ ಸ್ಟ್ಯಾಂಡ್ ಮೇಲೆ ರಸಮಟ್ಟ ಇಡಿಸಿದೆ. ಗುಳ್ಳೆ ಸೀದಾ ಒಂದು ಪಕ್ಕಕ್ಕೆ ಓಡಿತು. "ಅಮ್ಮಾ, ಹಳೇ ಕಾಲದ ಕೆಂಪು ನೆಲ. ತೊಳೆದ ನೀರು ಬಾಗಿಲ ಕಡೆ ಹೋಗಲಿ ಅಂತ ವಾಟ ಕೊಟ್ಟಿರ್ತಾರೆ" ಅಂದ ಮೇಸ್ತ್ರಿ. ಸ್ಟ್ಯಾಂಡಿನ ಒಂದು ಕಾಲಿನ ಕೆಳಗೆ ಕಾಗದ ತೂರಿಸಿದರೆ ಸಲೀಸಾಗಿ ಒಳಗೆ ಹೋಯಿತು. ನನಗೆ ಆಗ ನೆನಪಾಯಿತು. ಒಂಬತ್ತು ವರ್ಷ ಟ್ಯಾಂಕಿನ ಒಂದು ತುದಿಯಲ್ಲಿ ನೀರು ಅಂಚಿಗೆ ಹತ್ತಿರ, ಇನ್ನೊಂದು ತುದಿಯಲ್ಲಿ ಅರ್ಧ ಇಂಚು ಕೆಳಗೆ ಕಾಣುತ್ತಿತ್ತು. ದಿನಾ ಊಟ ಹಾಕುವಾಗ ನೋಡಿದ್ದೇನೆ, ಗಾಜು ಸೊಟ್ಟ ಕತ್ತರಿಸಿದ್ದಾರೆ ಅಂದುಕೊಂಡಿದ್ದೆ. ಅಷ್ಟು ಭಾರ ತಿರುಚಿಕೊಂಡು ಕೂತಿದ್ದರೆ ಯಾವ ಅಂಟು ತಡೆದೀತು?

ಮೇಸ್ತ್ರಿ ಗ್ರಾನೈಟ್ ಚೂರುಗಳನ್ನು ಸ್ಟ್ಯಾಂಡಿನ ಕಾಲಿಗೆ ಕೊಟ್ಟು ಮಟ್ಟ ಮಾಡಿದ. ಟ್ಯಾಂಕಿನ ಕೆಳಗೆ ಯಾವತ್ತೂ ಚೂರು ಇಡಬಾರದು, ಗಾಜು ಅಲ್ಲೇ ಸೀಳುತ್ತದೆ. ಟ್ಯಾಂಕಿಗೂ ಹಲಗೆಗೂ ನಡುವೆ ಅರ್ಧ ಇಂಚಿನ ಥರ್ಮೋಕೋಲ್ ಹಾಳೆ ಹಾಸಿದೆ. ಹಳೆಯದಕ್ಕೆ ಅದೂ ಇರಲಿಲ್ಲ.

ಹೊಸದನ್ನು ಹಿತ್ತಲಲ್ಲಿ ಪೇಪರ್ ಮೇಲೆ ಇಟ್ಟು ಮೂರು ದಿನ ತುಂಬಿಸಿಟ್ಟೆ. ನಂತರ ಪೂರ್ತಿ ಖಾಲಿ ಮಾಡಿಯೇ ಒಳಗೆ ತಂದೆವು. ಅರ್ಧ ಹಳೇ ನೀರು, ಅರ್ಧ ಆಂಟಿ ಕ್ಲೋರಿನ್ ಹಾಕಿದ ಹೊಸ ನೀರು, ಅದೇ ಕಲ್ಲು, ಅದೇ ಸ್ಪಂಜ್. ಮೀನುಗಳು ಒಟ್ಟು ಹದಿನೈದು ದಿನ ಟಬ್ಬಿನಲ್ಲಿದ್ದವು. ದಿನಾ ಮೂರನೇ ಒಂದು ಭಾಗ ನೀರು ಬದಲಿಸಿ ನನ್ನ ಸೊಂಟ ಬಿದ್ದುಹೋಗಿತ್ತು. ಆ ನೀರೆಲ್ಲ ದಾಸವಾಳಕ್ಕೆ ಹೋಯಿತು, ಅದಂತೂ ಈ ಸಲ ಜಾಸ್ತಿ ಹೂ ಬಿಟ್ಟಿದೆ. ಮೊದಲ ವಾರ ಮೀನಿಗೆ ಅರ್ಧ ಊಟ ಮಾತ್ರ ಹಾಕಿದೆ. ನೀರು ಎರಡು ದಿನ ಗಂಜಿಯ ಹಾಗೆ ಮಬ್ಬಾಗಿ ಆಮೇಲೆ ತಿಳಿಯಾಯಿತು.

ನೆಲ ಒರೆಸುವ ಅಕ್ಕನ ಮನೆಗೆ ನಾನೇ ಹೋಗಿ ಕರೆದುಕೊಂಡು ಬಂದೆ. ಸ್ಟ್ಯಾಂಡಿನ ಕೆಳಗೆ ಈಗಲೂ ಪೇಪರ್ ಹಾಸಿದೆ. ಬೆಳಿಗ್ಗೆ ಕಾಫಿಗೆ ಮೊದಲು ಅತ್ತೆ ಅದನ್ನು ಎಳೆದು, ನಾಲ್ಕು ಮೂಲೆ ಮುಟ್ಟಿ ನೋಡಿ, "ಒಣಗಿದೆ ಕಣೇ" ಅಂತ ಅಡುಗೆಮನೆಗೆ ಕೂಗಿ ಹೇಳುತ್ತಾರೆ.