ಟಿ.ವಿ. ಲೈಸೆನ್ಸ್ ಅಧಿಕಾರಿಯನ್ನು ಬಾಗಿಲಿಂದಲೇ ಕಳುಹಿಸಿದ್ದು: ನನ್ನ ಅನುಭವ

ಇಂಗ್ಲೆಂಡಿನ ರೆಡಿಂಗ್‌ನಲ್ಲಿ ನಾವಿರುವ ಮನೆಯ ಟಿ.ವಿ. ಲೈಸೆನ್ಸ್‌ನ (ನೇರಪ್ರಸಾರ ನೋಡಲು ಇಲ್ಲಿನ ಮನೆಯವರು ಹಣ ಕಟ್ಟಿ ಪಡೆಯಬೇಕಾದ ಪರವಾನಗಿ) ಅವಧಿ 2022ರ ಏಪ್ರಿಲ್‌ನಲ್ಲಿ ಮುಗಿಯಿತು; ನಾನು ಅದನ್ನು ನವೀಕರಿಸಲಿಲ್ಲ. ಆಗ ಅದರ ಶುಲ್ಕ ವರ್ಷಕ್ಕೆ 159 ಪೌಂಡ್ ಇತ್ತು. ಹಣ ಉಳಿಸಲೇಬೇಕೆಂಬ ಹಟವೇನೂ ನನಗಿರಲಿಲ್ಲ, ಮನೆಯಲ್ಲಿ ನೇರಪ್ರಸಾರ ನೋಡುವವರೇ ಇಲ್ಲವಾಗಿದ್ದರು. ಆದರೆ ಲೈಸೆನ್ಸ್ ಇಲ್ಲದ ವಿಳಾಸಕ್ಕೆ ಪತ್ರಗಳು ಬರುತ್ತವೆ, ಪತ್ರಗಳ ಬೆನ್ನಿಗೆ ಒಂದು ದಿನ ಅಧಿಕಾರಿಯೂ ಬರಬಹುದು, ಹಾಗೆ ಬಂದವರನ್ನು ಒಳಗೆ ಬಿಡದಿರುವ ಹಕ್ಕು ಮನೆಯವರಿಗೆ ಇದೆ ಎಂಬ ಸಂಗತಿ, ಇಲ್ಲಿಗೆ ಬಂದು ಹನ್ನೊಂದು ವರ್ಷವಾಗಿದ್ದರೂ, ನನಗೆ ಸರಿಯಾಗಿ ತಿಳಿದಿರಲಿಲ್ಲ. ಆ ಹಕ್ಕನ್ನು ನಾನು ಹೇಗೆ ಬಳಸಿದೆ, ಬಳಸುವಾಗ ಎಲ್ಲಿ ಎಡವಿದೆ ಎಂಬುದನ್ನು ಈಚೆಗೆ ನಮ್ಮ ಕನ್ನಡದ ಮನೆಗಳವರು ಮೂರು ನಾಲ್ಕು ಮಂದಿ ಕೇಳಿದ್ದರಿಂದ ಬರೆದಿಡುತ್ತಿದ್ದೇನೆ.

ಮೊದಲು ಮಾಡಬೇಕಾದ ಕೆಲಸ ಬಾಗಿಲಿನದಲ್ಲ, ಬಾಗಿಲ ಒಳಗಿನದು. 2003ರ ಕಮ್ಯುನಿಕೇಷನ್ಸ್ ಆ್ಯಕ್ಟ್‌ನ 363ನೇ ಸೆಕ್ಷನ್ ಪ್ರಕಾರ ಲೈಸೆನ್ಸ್ ಇಲ್ಲದೆ ಟಿ.ವಿ. ರಿಸೀವರ್ ಅಳವಡಿಸುವುದು ಅಥವಾ ಬಳಸುವುದು ಅಪರಾಧ. ಸಿವಿಲ್ ಬಾಕಿಯಲ್ಲ, ಕ್ರಿಮಿನಲ್ ಅಪರಾಧ, ದಂಡ 1,000 ಪೌಂಡ್‌ವರೆಗೆ ಆಗಬಹುದು. ಗೋಡೆಯ ಮೇಲೆ ಟಿ.ವಿ. ಇರುವುದಷ್ಟೇ ಅಪರಾಧವಲ್ಲ. ಯಾವುದೇ ವಾಹಿನಿಯ ಕಾರ್ಯಕ್ರಮವನ್ನು ಅದು ಪ್ರಸಾರವಾಗುತ್ತಿರುವ ಹೊತ್ತಿನಲ್ಲೇ ನೋಡಿದರೆ ಅಥವಾ ರೆಕಾರ್ಡ್ ಮಾಡಿದರೆ, ಟಿ.ವಿ.ಯಲ್ಲಾಗಲಿ ಫೋನಿನಲ್ಲಾಗಲಿ, ಲೈಸೆನ್ಸ್ ಬೇಕು. 2016ರ ಸೆಪ್ಟೆಂಬರ್ 1ರಿಂದ ಬಿಬಿಸಿಯ ಐಪ್ಲೇಯರ್‌ನಲ್ಲಿ ಹಳೆಯ ಕಾರ್ಯಕ್ರಮ ನೋಡುವುದಕ್ಕೂ ಬೇಕು. ನಮ್ಮವರಲ್ಲಿ ಬಹಳ ಜನ ತಪ್ಪು ತಿಳಿದಿರುವುದು ಇಲ್ಲಿಯೇ. ‘ನಾವು ಬಿಬಿಸಿ ನೋಡುವುದೇ ಇಲ್ಲ, ಬರೀ ಕನ್ನಡ ವಾಹಿನಿ, ನಮಗೇಕೆ ಲೈಸೆನ್ಸ್’ ಎನ್ನುತ್ತಾರೆ. ಬೆಂಗಳೂರಿನಿಂದ ಪ್ರಸಾರವಾಗುವ ಸುದ್ದಿವಾಹಿನಿಯನ್ನು ಯೂಟ್ಯೂಬ್‌ನಲ್ಲಿ ಲೈವ್ ನೋಡಿದರೂ ಅದು ನೇರಪ್ರಸಾರವೇ. ಅದೇ ವಾಹಿನಿಯ ಧಾರಾವಾಹಿಯನ್ನು ಮರುದಿನ ಆ್ಯಪ್‌ನಲ್ಲಿ ನೋಡಿದರೆ ಲೈಸೆನ್ಸ್ ಬೇಕಿಲ್ಲ.

ಆದ್ದರಿಂದ ನಾನು ಮನೆಯೊಳಗಿನ ಲೆಕ್ಕ ತೆಗೆದೆ. ಏರಿಯಲ್ ತಂತಿಯನ್ನು ಟಿ.ವಿ.ಯಿಂದ ಬಿಚ್ಚಿ ಸುತ್ತಿಟ್ಟೆ, ಟ್ಯೂನ್ ಆಗಿದ್ದ ವಾಹಿನಿಗಳನ್ನು ಅಳಿಸಿದೆ, ಮಗಳ ಟ್ಯಾಬ್ಲೆಟ್‌ನಲ್ಲಿದ್ದ ಐಪ್ಲೇಯರ್ ತೆಗೆದುಹಾಕಿದೆ. ಅವಳು ಎರಡು ದಿನ ಮಾತು ಬಿಟ್ಟಳು. ಆಮೇಲೆ ಲೈಸೆನ್ಸ್ ಬೇಕಾಗಿಲ್ಲವೆಂಬ ಘೋಷಣೆಯನ್ನು ಆನ್‌ಲೈನ್‌ನಲ್ಲಿ ತುಂಬಿದೆ. ಇದನ್ನು ತುಂಬಲೇಬೇಕೆಂದು ಕಾನೂನು ಹೇಳುವುದಿಲ್ಲ. ತುಂಬಿದರೆ ಪತ್ರಗಳು ಸುಮಾರು ಎರಡು ವರ್ಷ ನಿಲ್ಲುತ್ತವೆ. ಆದರೆ ಘೋಷಣೆ ನಿಜವೇ ಎಂದು ನೋಡಲು ಮನೆಗೆ ಬರಬಹುದು ಎಂದು ಅದರಲ್ಲಿಯೇ ಇರುತ್ತದೆ, ಆ ಸಾಲನ್ನು ನಾನು ಓದಿಯೂ ಮರೆತಿದ್ದೆ.

ಆ ವರ್ಷದ ಅಕ್ಟೋಬರ್‌ನಲ್ಲಿ ಅಮ್ಮ ಹಾಸನದಿಂದ ಬಂದು ಆರು ತಿಂಗಳಿಗೆಂದು ನಮ್ಮಲ್ಲಿದ್ದರು. ಒಂದು ಮಧ್ಯಾಹ್ನ ನಾನು ಮೇಲಿನ ಕೋಣೆಯಲ್ಲಿ ಆಫೀಸಿನ ಮೀಟಿಂಗ್‌ನಲ್ಲಿರುವಾಗ ಕೆಳಗೆ ಬಾಗಿಲು ತೆರೆದ ಸದ್ದು, ಬೆನ್ನಿಗೇ ಅಮ್ಮ ‘ಕಮ್, ಕಮ್’ ಎನ್ನುತ್ತಿರುವುದು ಕೇಳಿಸಿತು. ಇಳಿದು ಬಂದರೆ ಹೊಸ್ತಿಲಾಚೆ ಒಬ್ಬ ಮಧ್ಯವಯಸ್ಕ ಮನುಷ್ಯ, ಕೊರಳಲ್ಲಿ ಫೋಟೊ ಇರುವ ಗುರುತಿನ ಚೀಟಿ, ಕೈಯಲ್ಲಿ ಮಳೆಹನಿ ಬಿದ್ದ ಸಣ್ಣ ಯಂತ್ರ, ಒಂದು ಕಾಲು ಮ್ಯಾಟ್ ಮೇಲೆ. ಅವರು ಕೇಳಿದ ಮೊದಲ ಪ್ರಶ್ನೆ ನನ್ನ ಹೆಸರು. ಮರ್ಯಾದೆಯಿಂದಲೇ ಕೇಳಿದರು. ನಾನು ಹೆಸರು ಹೇಳದೆ, ‘ಕ್ಷಮಿಸಿ, ನಾನು ಮಾತನಾಡಲು ಬಯಸುವುದಿಲ್ಲ, ದಯವಿಟ್ಟು ಹೊರಡಿ’ ಎಂದು ಇಂಗ್ಲಿಷಿನಲ್ಲಿ ಹೇಳಿದೆ. ಗಂಟಲು ಒಣಗಿತ್ತು. ಅವರು ಯಂತ್ರದಲ್ಲಿ ಏನನ್ನೋ ಒತ್ತಿ, ‘ಆಗಲಿ ಸರ್’ ಎಂದು ತಿರುಗಿ ನಡೆದರು. ಅಷ್ಟೇ ನಡೆದದ್ದು. ಅಮ್ಮನಿಗೆ ಮಾತ್ರ ಬೇಸರವಾಗಿತ್ತು: ‘ಮಳೇಲಿ ನೆನ್ಕೊಂಡು ನಿಂತಿದ್ರು ಕಣೋ, ಒಂದು ಲೋಟ ಕಾಫಿ ಕೊಟ್ಟು ಕಳಿಸಬಾರ್ದಿತ್ತಾ?’

ಹೆಸರು ಏಕೆ ಹೇಳಲಿಲ್ಲ ಎಂದು ಹೆಂಡತಿಯೂ ಕೇಳಿದಳು. ಆ ಅಧಿಕಾರಿಗಳು ಪೊಲೀಸರಲ್ಲ, ನ್ಯಾಯಾಲಯದ ಅಮೀನರೂ ಅಲ್ಲ. ಲೈಸೆನ್ಸ್ ಕೊಡುವ ಅಧಿಕಾರ ಕಾನೂನಿನ ಪ್ರಕಾರ ಬಿಬಿಸಿಯದು. ಮನೆಮನೆ ತಿರುಗುವವರು ಅದರ ಗುತ್ತಿಗೆದಾರ ಕಂಪನಿಯ ನೌಕರರು. ವಾರಂಟ್ ಇಲ್ಲದೆ ಒಳಗೆ ಬರುವ ಅಧಿಕಾರ ಅವರಿಗಿಲ್ಲ, ಅವರ ಪ್ರಶ್ನೆಗೆ ಉತ್ತರಿಸಬೇಕೆಂಬ ಕಟ್ಟುಪಾಡು ನಮಗಿಲ್ಲ. ಆದರೆ ಉತ್ತರಿಸಿದರೆ ಅದು ಹರಟೆಯಾಗಿ ಉಳಿಯುವುದಿಲ್ಲ. ‘ನೀವು ಏನನ್ನೂ ಹೇಳಬೇಕಾಗಿಲ್ಲ, ಹೇಳಿದ್ದು ಸಾಕ್ಷ್ಯವಾಗಬಹುದು’ ಎಂಬ ಎಚ್ಚರಿಕೆಯನ್ನು ಓದಿ ಹೇಳಿ, ಪ್ರಶ್ನೋತ್ತರವನ್ನು ದಾಖಲಿಸಿ ಕೆಳಗೆ ಸಹಿ ಕೇಳುತ್ತಾರೆ, ನ್ಯಾಯಾಲಯಕ್ಕೆ ಹೋದರೆ ಮುಂದಿಡುವುದು ಆ ಹಾಳೆಯನ್ನೇ. ಮನೆ ಯಾರ ಹೆಸರಿನಲ್ಲಿದೆ ಎಂಬುದು ಅಲ್ಲಿ ಮುಖ್ಯವಲ್ಲ, ಬಾಗಿಲು ತೆರೆದು ‘ಹೌದು, ನಾನು ನೋಡುತ್ತೇನೆ’ ಎಂದವರ ಮೇಲೆಯೇ ಕೇಸು ಬೀಳಬಹುದು. ಈ ಅಪರಾಧಕ್ಕೆ ಶಿಕ್ಷೆಯಾದವರಲ್ಲಿ ಮುಕ್ಕಾಲು ಪಾಲಿನ ಹತ್ತಿರ ಹೆಂಗಸರೇ ಎಂಬ ವಿಷಯ ಇಲ್ಲಿ ವರ್ಷಗಳಿಂದ ಚರ್ಚೆಯಲ್ಲಿದೆ, ಅದಕ್ಕೆ ಹೇಳುವ ಕಾರಣಗಳಲ್ಲಿ ಒಂದು, ಹಗಲಲ್ಲಿ ಬಾಗಿಲು ತೆರೆಯುವವರು ಹೆಚ್ಚಾಗಿ ಅವರೇ ಎಂಬುದು. ಅಮ್ಮ ಅಂದು ಬೆಳಿಗ್ಗೆ ತಿಂಡಿಯ ಹೊತ್ತಿನಲ್ಲಿ ಫೋನಿನಲ್ಲಿ ಕನ್ನಡ ಸುದ್ದಿ ಲೈವ್ ಹಾಕಿಕೊಂಡಿದ್ದರೆಂದು ಸಂಜೆ ಗೊತ್ತಾದಾಗ ನನ್ನ ಎದೆ ಧಸಕ್ಕೆಂದಿತು. ಮನೆಯ ಲೆಕ್ಕ ತೆಗೆಯುವಾಗ ಬರಲಿರುವ ಅತಿಥಿಯ ಫೋನನ್ನು ನಾನು ಲೆಕ್ಕಕ್ಕೆ ಹಿಡಿದಿರಲೇ ಇಲ್ಲ. ತಪ್ಪು ನಮ್ಮದೇ, ಅಂದೇ ಅದನ್ನು ನಿಲ್ಲಿಸಿದೆವು.

ಅಮ್ಮನಿಗೆ ವಿಷಯ ತಿಳಿಸುವುದು ನಾನು ಅಂದುಕೊಂಡಷ್ಟು ಕಷ್ಟವಾಗಲಿಲ್ಲ. ‘ರೇಡಿಯೊ ಲೈಸೆನ್ಸ್ ಥರಾನಾ?’ ಎಂದರು. ಅವರ ತಂದೆ ಪ್ರತಿವರ್ಷ ಪೋಸ್ಟಾಫೀಸಿಗೆ ಹೋಗಿ ರೇಡಿಯೊ ಲೈಸೆನ್ಸಿನ ಹಣ ಕಟ್ಟುತ್ತಿದ್ದುದು ಅವರಿಗೆ ನೆನಪಿತ್ತು. ನಮ್ಮಲ್ಲಿ ಅದು 1980ರ ದಶಕದಲ್ಲಿ ರದ್ದಾಯಿತು, ಇಲ್ಲಿ 1922ರಲ್ಲಿ ಹತ್ತು ಶಿಲ್ಲಿಂಗ್‌ನ ರೇಡಿಯೊ ಲೈಸೆನ್ಸ್ ಆಗಿ ಹುಟ್ಟಿದ್ದು ಟಿ.ವಿ.ಯ ಹೆಸರಿನಲ್ಲಿ ಇಂದಿಗೂ ನಡೆಯುತ್ತಿದೆ. ಕಷ್ಟವಾದದ್ದು ಬೇರೆ. ಬಾಗಿಲಿಗೆ ಬಂದವರನ್ನು ನಿಲ್ಲಿಸಿ ಕಳುಹಿಸುವುದು ಅವರ ಕೈಯಲ್ಲಿ ಆಗುವುದಿಲ್ಲ. ಕೊನೆಗೆ ‘ನೋ ಥ್ಯಾಂಕ್ ಯೂ, ಪ್ಲೀಸ್ ಗೋ’ ಎಂದು ಕನ್ನಡ ಅಕ್ಷರದಲ್ಲಿ ದಪ್ಪಗೆ ಬರೆದು ಫ್ರಿಜ್ ಮೇಲೆ ಅಂಟಿಸಿದೆ. ‘ಪ್ಲೀಸ್ ಇದೆಯಲ್ಲ, ಪರವಾಗಿಲ್ಲ’ ಎಂದು ಒಪ್ಪಿದರು.

ಮುಂದಿನ ಹೆಜ್ಜೆ, ಇನ್ನು ಬಾಗಿಲಿಗೆ ಬರಬೇಡಿ ಎಂದು ಲೈಸೆನ್ಸ್ ಕಚೇರಿಗೆ ಪತ್ರ. ಇಂಗ್ಲೆಂಡಿನ ಕಾನೂನಿನಲ್ಲಿ ಅಂಚೆಯವನೋ ನೆರೆಯವನೋ ನ್ಯಾಯವಾದ ಕೆಲಸವಿರುವ ಯಾರೇ ಆಗಲಿ ಗೇಟು ದಾಟಿ ಬಂದು ಬಾಗಿಲು ತಟ್ಟುವುದಕ್ಕೆ ಮನೆಯವರ ಮೌನ ಸಮ್ಮತಿ ಇದೆಯೆಂದೇ ಭಾವಿಸಲಾಗುತ್ತದೆ, ಇದನ್ನು ಇಂಪ್ಲೈಡ್ ರೈಟ್ ಆಫ್ ಆ್ಯಕ್ಸೆಸ್ ಎನ್ನುತ್ತಾರೆ. ಸಮ್ಮತಿ ಕೊಟ್ಟವರು ಅದನ್ನು ಹಿಂದಕ್ಕೆ ಪಡೆಯಲೂಬಹುದು, ಪಡೆದ ಮೇಲೆ ಬಂದವರಿಗೆ ಹೊರಟುಹೋಗಲು ತಕ್ಕಷ್ಟು ಸಮಯ ಕೊಡಬೇಕು ಎಂಬುದು 1967ರ ರಾಬ್ಸನ್ ವಿರುದ್ಧ ಹ್ಯಾಲೆಟ್ ಪ್ರಕರಣದಲ್ಲಿ ಸ್ಪಷ್ಟವಾಗಿದೆ. ಹಿಂದಕ್ಕೆ ಪಡೆಯುವ ಮಾತು ತಿಳಿಯಾಗಿರಬೇಕು ಎಂಬುದಕ್ಕೆ 1982ರ ಸ್ನೂಕ್ ವಿರುದ್ಧ ಮ್ಯಾನಿಯನ್ ಎಂಬ ಇನ್ನೊಂದು ಸ್ವಾರಸ್ಯದ ಪ್ರಕರಣವಿದೆ: ತನ್ನ ಮನೆಯಂಗಳದಲ್ಲಿ ಪೊಲೀಸರಿಗೆ ಒಂದು ಅಶ್ಲೀಲ ಬೈಗುಳ ಬೈದವನು ಅದರಿಂದಲೇ ಸಮ್ಮತಿ ರದ್ದಾಯಿತೆಂದು ವಾದಿಸಿದ, ಅದು ಬರೀ ಬೈಗುಳವೆಂದು ಕೆಳಗಿನ ನ್ಯಾಯಾಲಯ ತಿಳಿದದ್ದನ್ನು ಮೇಲಿನವರೂ ಎತ್ತಿಹಿಡಿದರು. ಬಾಗಿಲಲ್ಲಿ ರೇಗಾಡಿದರೆ ಕೆಲಸ ಕೆಡುತ್ತದೆ ಎಂದು ಹಿರಿಯರು ಹೇಳುವುದಕ್ಕೆ ಇಲ್ಲಿ ತೀರ್ಪಿನ ಬೆಂಬಲವೂ ಇದೆ.

ನಾನು ಬರೆದ ಮೊದಲ ಕರಡು ಮೂರು ಪುಟವಿತ್ತು, ಅತಿಕ್ರಮಣಕ್ಕೆ ಗಂಟೆಗೆ ಇಷ್ಟು ಪೌಂಡ್ ವಸೂಲು ಮಾಡುತ್ತೇನೆಂಬ ಬೆದರಿಕೆಯೂ ಅದರಲ್ಲಿತ್ತು. ಹೆಂಡತಿ ಓದಿ, ‘ಇದನ್ನು ಕಳಿಸಿದರೆ ನಿಮ್ಮ ತಲೆ ಸರಿಯಿದೆಯಾ ಅಂತ ನೋಡೋಕೇ ಯಾರಾದರೂ ಬರ್ತಾರೆ’ ಎಂದಳು. ಕೊನೆಗೆ ಕಳುಹಿಸಿದ್ದು ನಾಲ್ಕು ಸಾಲು: ಮನೆಯ ವಿಳಾಸ, ನಾನು ಇಲ್ಲಿ ವಾಸಿಸುವವನು ಎಂಬ ಮಾತು, ಟಿ.ವಿ. ಲೈಸೆನ್ಸ್ ಜಾರಿಗೆ ಬರುವ ಎಲ್ಲರಿಗೂ ಈ ಆಸ್ತಿಗೆ ಬರುವ ಸೂಚ್ಯ ಅನುಮತಿಯನ್ನು ಇಂದಿನಿಂದ ಹಿಂದಕ್ಕೆ ಪಡೆದಿದ್ದೇನೆ ಎಂಬ ಘೋಷಣೆ, ಲಿಖಿತ ಉತ್ತರ ಕೊಡಬೇಕೆಂಬ ಕೋರಿಕೆ. ಪೋಸ್ಟಾಫೀಸಿನ ಕೌಂಟರಿನಲ್ಲಿ ಕಳುಹಿಸಿದ್ದಕ್ಕೆ ರಸೀದಿ ಪಡೆದೆ, ಪತ್ರದ ನಕಲನ್ನು ಅದರ ಜೊತೆ ಪಿನ್ ಮಾಡಿಟ್ಟೆ.

ಎಡವಿದ್ದು ಇದರ ನಂತರ. ನಮ್ಮದು ಒಂದು ಹಳೆಯ ಮನೆಯನ್ನು ಎರಡಾಗಿ ಮಾಡಿದ್ದು, ಕೆಳಗಿನದು ‘ಎ’, ನಮ್ಮದು ‘ಬಿ’. ಪತ್ರದಲ್ಲಿ ನಾನು ಅಕ್ಷರವನ್ನೇ ಬರೆದಿರಲಿಲ್ಲ. ಉತ್ತರ ಕೆಳಗಿನ ಮನೆಗೆ ಹೋಯಿತು. ಅಲ್ಲಿರುವ ವೃದ್ಧೆ ಪ್ರತಿವರ್ಷ ತಪ್ಪದೆ ಲೈಸೆನ್ಸ್ ಕಟ್ಟುವವರು. ತಮ್ಮ ಮನೆಗೆ ಬರಬಾರದೆಂದು ತಾವು ಯಾರಿಗೂ ಹೇಳಿಲ್ಲವಲ್ಲ ಎಂದು ಗಾಬರಿಯಿಂದ ಪತ್ರ ಹಿಡಿದು ಮೇಲೆ ಬಂದರು. ಅವರಿಗೆ ಚಹಾ ಕೊಟ್ಟು, ವಿವರಿಸಿ, ಕ್ಷಮೆ ಕೇಳಿ, ಸರಿಯಾದ ವಿಳಾಸದೊಂದಿಗೆ ಎರಡನೆಯ ಪತ್ರ ಹಾಕಿದೆ. ಗೇಟಿನಿಂದ ಬರುವ ದಾರಿ ಇಬ್ಬರಿಗೂ ಸೇರಿದ್ದಾದ್ದರಿಂದ ಈ ಬಾರಿ ‘ನಮ್ಮ ಬಾಗಿಲಿಗೆ’ ಎಂದಷ್ಟೇ ಬರೆದೆ, ಇನ್ನೊಬ್ಬರ ಪಾಲಿನ ಸಮ್ಮತಿಯನ್ನು ನಾನು ಹಿಂಪಡೆಯುವಂತಿಲ್ಲ.

ಮೂರು ವಾರದಲ್ಲಿ ಉತ್ತರ ಬಂತು. ನನ್ನ ಸೂಚನೆಯನ್ನು ದಾಖಲಿಸಿಕೊಂಡಿದ್ದೇವೆ, ಆದರೆ ಅಗತ್ಯವೆನಿಸಿದರೆ ಬೇರೆ ಪತ್ತೆ ವಿಧಾನಗಳನ್ನು ಬಳಸುವ ಮತ್ತು ಸರ್ಚ್ ವಾರಂಟ್‌ಗೆ ಅರ್ಜಿ ಹಾಕುವ ಹಕ್ಕನ್ನು ಉಳಿಸಿಕೊಂಡಿದ್ದೇವೆ ಎಂದಿತ್ತು. ಅದು ಸರಿಯೇ. ಅದೇ 2003ರ ಕಾಯ್ದೆಯ 366ನೇ ಸೆಕ್ಷನ್ ಪ್ರಕಾರ ಅಪರಾಧ ನಡೆದಿದೆಯೆಂದು ನಂಬಲು ತಕ್ಕ ಕಾರಣವಿದೆಯೆಂದು ಪ್ರಮಾಣದ ಮೇಲೆ ತಿಳಿಸಿದರೆ ಮ್ಯಾಜಿಸ್ಟ್ರೇಟ್ ವಾರಂಟ್ ಕೊಡಬಹುದು, ಕೊಟ್ಟ ಮೇಲೆ ಅದು ಒಂದು ತಿಂಗಳು ನಡೆಯುತ್ತದೆ. ವಾರಂಟ್ ಹಿಡಿದು ಬಂದವರನ್ನು ಬೇಕೆಂದೇ ತಡೆಯುವುದು ಇನ್ನೊಂದು ಅಪರಾಧ. ಅಂಥ ದಿನ ನಾಲ್ಕು ಸಾಲಿನ ಪತ್ರ ಯಾವ ಕೆಲಸಕ್ಕೂ ಬಾರದು, ಕಾಗದದ ಮೇಲಿನ ವಿಳಾಸ ಮತ್ತು ದಿನಾಂಕವನ್ನು ಓದಿ ಒಳಗೆ ಬಿಡುವುದೊಂದೇ ದಾರಿ. ನಮ್ಮ ಮನೆಗೆ ಯಾರೂ ವಾರಂಟ್ ತರಲಿಲ್ಲ, ಯಾರೂ ಮತ್ತೆ ಬರಲೂ ಇಲ್ಲ.

ನನ್ನನ್ನು ಕೇಳಿದವರಿಗೆ ಎರಡು ಎಚ್ಚರಿಕೆಗಳನ್ನು ಹೇಳಿದ್ದೇನೆ. ಈ ಪತ್ರ ಇಂಗ್ಲೆಂಡ್, ವೇಲ್ಸ್, ಉತ್ತರ ಐರ್ಲೆಂಡ್‌ಗಳ ಮಾತು. ಸ್ಕಾಟ್ಲೆಂಡಿನ ಕಾನೂನು ಬೇರೆ, ಗ್ಲಾಸ್ಗೋದ ಗೆಳೆಯನಿಗೆ ಇದನ್ನು ಕೊಡಲಿಲ್ಲ, ಆದರೆ ವಾರಂಟ್ ಇಲ್ಲದೆ ಯಾರನ್ನೂ ಒಳಗೆ ಬಿಡಬೇಕಾಗಿಲ್ಲ ಎಂಬುದು ಅಲ್ಲಿಯೂ ನಿಜ. ಎರಡನೆಯದು ಒಟ್ಟಿಗೆ ಮನೆ ಮಾಡಿರುವ ವಿದ್ಯಾರ್ಥಿಗಳಿಗೆ. ಎಲ್ಲರೂ ಸೇರಿ ಒಂದೇ ಬಾಡಿಗೆ ಕರಾರು ಮಾಡಿಕೊಂಡಿದ್ದರೆ ಸಾಮಾನ್ಯವಾಗಿ ಒಂದು ಲೈಸೆನ್ಸ್ ಸಾಕು. ಕೋಣೆಗೊಂದು ಕರಾರಾದರೆ ನೇರಪ್ರಸಾರ ನೋಡುವ ಪ್ರತಿಯೊಬ್ಬರೂ ತಮ್ಮದೇ ಲೈಸೆನ್ಸ್ ಪಡೆಯಬೇಕು, ಪಕ್ಕದ ಕೋಣೆಯವನ ಲೈಸೆನ್ಸ್ ತೋರಿಸಿದರೆ ನಡೆಯದು. ಮುಂದೆ ವೀಸಾ, ಪೌರತ್ವದ ಅರ್ಜಿ ತುಂಬುವಾಗ ಶಿಕ್ಷೆಯಾಗಿದೆಯೇ ಎಂಬ ಪ್ರಶ್ನೆ ಎದುರಾಗುತ್ತದೆ, ನೂರೈವತ್ತು ಪೌಂಡ್ ಉಳಿಸಲು ಹೋಗಿ ಅಲ್ಲಿ ಬರೆಯಬೇಕಾಗಿ ಬಂದರೆ ಬಹಳ ದುಬಾರಿ.

2024ರ ಜೂನ್‌ನಲ್ಲಿ ಟಿ20 ವಿಶ್ವಕಪ್ ಬಂತು, ಅಮ್ಮನ ಜೊತೆ ಈ ಸಲ ಅಪ್ಪನೂ ಬಂದಿದ್ದರು. ಅಪ್ಪನಿಗೆ ಕ್ರಿಕೆಟ್ ಮರುದಿನ ನೋಡುವುದೆಂದರೆ ಹಳಸಿದ ಅನ್ನ ತಿಂದ ಹಾಗೆ. ಏರಿಯಲ್ ತಂತಿ ಕಪಾಟಿನಲ್ಲೇ ಉಳಿಯಿತು, ಪಂದ್ಯಗಳಿಗೆ ಇಂಟರ್ನೆಟ್ ಸಾಕು, ಆದರೆ ನೇರಪ್ರಸಾರ ನೇರಪ್ರಸಾರವೇ ಆದ್ದರಿಂದ 169.50 ಪೌಂಡ್ ಕಟ್ಟಿ ಲೈಸೆನ್ಸ್ ಪಡೆದೆ. ಇನ್ನು ಅಧಿಕಾರಿ ಬರುವ ಕಾರಣವೇ ಇಲ್ಲವೆಂದು ಫ್ರಿಜ್ ಮೇಲಿನ ಚೀಟಿ ಕೀಳಲು ಹೋದೆ. ಅಮ್ಮ ಬೇಡವೆಂದರು. ಸೋಲಾರ್ ಮಾರುವವರು, ಬ್ರಾಡ್‌ಬ್ಯಾಂಡ್ ಮಾರುವವರು, ಗಟರ್ ತೊಳೆಯುತ್ತೇವೆ ಎನ್ನುವವರು ಎಲ್ಲರಿಗೂ ಆ ಒಂದೇ ವಾಕ್ಯವನ್ನು ನಗುತ್ತಲೇ ಹೇಳಿ ಕಳುಹಿಸುತ್ತಿದ್ದರಂತೆ. ಮಳೆ ಬರುತ್ತಿದ್ದರೆ ಮಾತ್ರ, ಅವರು ಗೇಟು ದಾಟುವವರೆಗೆ ಕಿಟಕಿಯಲ್ಲಿ ನಿಂತು ನೋಡುತ್ತಾರೆ.