ಗೊಂಬೆ ಹಬ್ಬದ ಹಾಡಿನಲ್ಲಿ ಎಣಿಕೆ: ನಾನು ಮಾಡುವ ಕ್ರಮ

ಒಂದರಿಂದ ಹತ್ತನ್ನು ರಾಗವಾಗಿ ಒಪ್ಪಿಸಿತೆಂದರೆ ಮಗುವಿಗೆ ಎಣಿಸಲು ಬಂತು ಅಂದುಕೊಳ್ಳಬೇಡಿ. ಮುಂದೆ ಎಂಟು ಹುಣಸೆಬೀಜ ಇಟ್ಟು ನೋಡಿ: ಬಾಯಿ ಹತ್ತು ಮುಟ್ಟಿರುತ್ತದೆ, ಬೆರಳು ಆರನೇ ಬೀಜದ ಮೇಲಿರುತ್ತದೆ. ಇದರಲ್ಲಿ ನಮ್ಮ ಭಾಷೆಯ ಪಾಲೂ ಇದೆ. ಹಾಡಿನ ಓಟದಲ್ಲಿ ಐದು, ಆರು ಸೇರಿ 'ಐದಾರು' ಆಗುತ್ತದೆ. ಏಳು, ಎಂಟು ಸೇರಿ 'ಏಳೆಂಟು'. ಮಗುವಿನ ಕಿವಿಗೆ ಅದು ಒಂದೇ ಮಾತು, ಹಾಗಾಗಿ ಒಂದೇ ಬೀಜ ಮುಟ್ಟುತ್ತದೆ.

ಎಲ್‌ಕೆಜಿಯವರಿಗೆ ನಾನು ಬಳಸುವುದು ದಸರೆಯಲ್ಲಿ ಗೊಂಬೆ ಕೂರಿಸುವ ಹಾಡು. ಹಬ್ಬದ ಹೊತ್ತಿಗೆ ಶಾಲೆಗೆ ರಜೆ ಬೀಳುವುದರಿಂದ ಎರಡು ವಾರ ಮುಂಚೆಯೇ ಶುರು. ಒಂದು ಮಣೆ, ಒಂದು ಟವೆಲ್ಲು, ಚನ್ನಪಟ್ಟಣದ ಐದು ಮರದ ಗೊಂಬೆ, ಆರು ಮಕ್ಕಳ ಗುಂಪು, ಹತ್ತು ನಿಮಿಷ. ಮನೆಯಲ್ಲಿದ್ದಂತೆ ಮೆಟ್ಟಿಲು ಕಟ್ಟುವ ಉತ್ಸಾಹ ಬೇಡ. ಮೇಲಿನಿಂದ ಎಣಿಸಬೇಕೋ ಕೆಳಗಿನಿಂದಲೋ ಎಂಬ ಗೊಂದಲವೇ ದೊಡ್ಡದಾಗುತ್ತದೆ.

ಹಾಡು ನಾವೇ ಕಟ್ಟಿದ್ದು:

ಮೊದಲನೇ ದಿನ ಮಣೆಗೆ ಬಂತು ಗಿಳಿ.
ಎರಡನೇ ದಿನ ಮಣೆಗೆ ಬಂತು ಆನೆ, ಆನೆಗೂ ಮುಂಚೆ ಗಿಳಿ.
ಮೂರನೇ ದಿನ ಮಣೆಗೆ ಬಂತು ಮೊಲ, ಮೊಲಕ್ಕೂ ಮುಂಚೆ ಆನೆ, ಆನೆಗೂ ಮುಂಚೆ ಗಿಳಿ.

ಆಮೇಲೆ ಕುದುರೆ, ನವಿಲು. ಎರಡು ದಿನಕ್ಕೊಂದು ಹೊಸ ಗೊಂಬೆ, ಅದಕ್ಕಿಂತ ಬೇಗ ಬೇಡ. ಪ್ರತಿ ಸಾಲು ಮುಗಿದ ಮೇಲೆ ರಾಗ ನಿಲ್ಲಿಸಿ ಎಣಿಕೆ: ಗೊಂಬೆ ಮುಟ್ಟು, ಸಂಖ್ಯೆ ಹೇಳು, ಒಂದು ಚಪ್ಪಾಳೆ. ನಡುವೆ ಚಪ್ಪಾಳೆ ಬಿದ್ದರೆ 'ಐದಾರು' ಅಂಟಿಕೊಳ್ಳುವುದಿಲ್ಲ.

ಗೊಂಬೆಗಳನ್ನು ಗಾತ್ರದ ಪ್ರಕಾರ ಜೋಡಿಸಬೇಡಿ. ಆನೆಯಿಂದ ಗಿಳಿಯವರೆಗೆ ಇಳಿಸಿದರೆ ಮಕ್ಕಳು ಹಾಡು ನೆನಪಿಲ್ಲದಿದ್ದರೂ ದೊಡ್ಡದು ಚಿಕ್ಕದು ನೋಡಿ ಸರಿಯಾಗಿಯೇ ಇಡುತ್ತಾರೆ. ಕ್ರಮ ಬಂತೆಂದು ನಾವು ಖುಷಿಪಡುತ್ತೇವೆ. ಪಟ್ಟದ ಗೊಂಬೆ ಹಿಂದೆ ಕೂತಿರಲಿ, ಲೆಕ್ಕಕ್ಕೆ ಬೇಡ: ರಾಜ ರಾಣಿ ಜೋಡಿ ಒಂದೋ ಎರಡೋ ಎಂದು ಮೊದಲ ದಿನವೇ ಜಗಳ. ಶೆಟ್ಟಿ, ಶೆಟ್ಟಮ್ಮ ಗೊಂಬೆಗಳಿಗೂ ಆಗಲೇ ಜಾಗ ಕೊಡಬೇಡಿ. ಅವರು ಬಂದರೆ ಲೆಕ್ಕ 'ಒಬ್ಬರು, ಇಬ್ಬರು, ಮೂವರು' ಆಗುತ್ತದೆ, ಅದು ಬೇರೆಯೇ ಸರಣಿ.

ಟೀಚರು ಮಕ್ಕಳ ಎದುರಿಗಲ್ಲ, ಪಕ್ಕದಲ್ಲಿ ಕೂರಬೇಕು. ಎದುರು ಕೂತರೆ ನಮ್ಮ ಮೊದಲನೆಯದು ಅವರಿಗೆ ಕೊನೆಯದು.

ಪರೀಕ್ಷೆ ಎರಡೇ. ಎಣಿಸಿ ಮುಗಿಸಿದ ಕೂಡಲೇ ಟವೆಲ್ಲು ಮುಚ್ಚಿ "ಎಷ್ಟು ಗೊಂಬೆ ಪುಟ್ಟಾ?" ಅನ್ನುತ್ತೇನೆ. ಟವೆಲ್ಲು ಎತ್ತಿ ಮತ್ತೆ ಒಂದರಿಂದ ಶುರು ಮಾಡಿದರೆ, ಕೊನೆಯ ಸಂಖ್ಯೆಯೇ ಒಟ್ಟು ಎಂಬುದು ಇನ್ನೂ ಹತ್ತಿಲ್ಲ. ಎರಡನೆಯದು: "ಮೂರು ಕೊಡು", ಸ್ವಲ್ಪ ಬಿಟ್ಟು "ಮೂರನೇದು ಕೊಡು". ಹೆಚ್ಚಿನವರು ಎರಡಕ್ಕೂ ಮೂರು ಗೊಂಬೆ ಬಾಚಿ ಕೊಡುತ್ತಾರೆ. ಆಗ ತಿದ್ದದೆ ಹಾಡಿನ ಮೂರನೇ ಸಾಲನ್ನು ಮೆಲ್ಲಗೆ ಹಾಡಿ, ಕೈ ತಾನಾಗಿ ಮೊಲಕ್ಕೆ ಹೋಗುತ್ತದೆ. 'ಒಂದನೇದು' ಅಂದರೆ ಗದರಬೇಡಿ. 'ಒಂದನೇ ಕ್ಲಾಸು' ಅನ್ನುವವರು ನಾವೇ ತಾನೆ.

ರಜೆ ಮುಗಿದ ಮೇಲೆ ಅದೇ ಹಾಡನ್ನು ಹಿಂದಿನಿಂದ ಹಾಡುತ್ತಾ ಗೊಂಬೆಗಳನ್ನು ಡಬ್ಬಕ್ಕೆ ಇಳಿಸುತ್ತೇವೆ. ಮೊದಲು ನವಿಲು, ಕೊನೆಗೆ ಗಿಳಿ. ಆಮೇಲೆ ಖಾಲಿ ಮಣೆಯನ್ನೂ ಒಮ್ಮೆ ಮುಟ್ಟಿಸಿ "ಈಗೆಷ್ಟು?" ಎಂದು ಕೇಳಿ.